ಬಸುರಿಯ ತೂಕ, ನಡಿಗೆ, ವ್ಯಾಯಾಮ: ಹೆರಿಗೆಗೆ ನಿಜಕ್ಕೂ ಎಷ್ಟು ಫರಕು ಬೀಳುತ್ತದೆ?

ಹೊಳೆಸಾಲು_ಆಶಾ (ಕುಮಟಾ ತಾಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಏರಿಯಾದ ಇಬ್ಬರು ಬಸುರಿಯರಿಗೆ ಏನು ಹೇಳಬೇಕು ಅಂತ ಸ್ಪಷ್ಟವಾಗಿ ತಿಳಿಯಬೇಕಿತ್ತು.

ಒಬ್ಬರಿಗೆ ಚೊಚ್ಚಲು. ಎತ್ತರ 152 ಸೆಂ.ಮೀ. 9ನೇ ವಾರದಲ್ಲಿ ತಾಯಿ ಕಾರ್ಡ್ ಮಾಡಿಸುವಾಗ 66 ಕೆ.ಜಿ. ಇದ್ದರು, ಈಗ 22 ವಾರಕ್ಕೆ 71.5. ಬಿ.ಪಿ. 118/76. ಮನೆಯಲ್ಲಿ ಏಳಲಿಕ್ಕೇ ಬಿಡುವುದಿಲ್ಲ, ಎರಡು ಜೀವಕ್ಕೆ ಉಣ್ಣು ಅಂತ ಬಡಿಸುತ್ತಲೇ ಇರುತ್ತಾರೆ. ದಿನಕ್ಕೊಂದು ಚಮಚ ತುಪ್ಪ ಕುಡಿದರೆ ಹೆರಿಗೆ ಸಲೀಸು ಅನ್ನುವ ಮಾತೂ ಇದೆ.

ಇನ್ನೊಬ್ಬರಿಗೆ ಎರಡನೇ ಬಸುರಿ. 156 ಸೆಂ.ಮೀ., ಶುರುವಿಗೆ 42 ಕೆ.ಜಿ., ಈಗ 28 ವಾರಕ್ಕೆ 46. ಹಿಮೋಗ್ಲೋಬಿನ್ 9.4. ನೀರು ಇಳಿದ ಹೊತ್ತಿಗೆ ಹೊಳೆಗಿಳಿದು ಬೆಳಚು (ಚಿಪ್ಪುಮೀನು) ಆರಿಸುತ್ತಾರೆ. ಮೂರು-ನಾಲ್ಕು ತಾಸು ಬಗ್ಗಿಯೇ ಇರಬೇಕು, ಆಮೇಲೆ ತುಂಬಿದ ಬುಟ್ಟಿ ತಲೆ ಮೇಲೆ. ‘ನಮ್ಮ ಕೆಲಸವೇ ವ್ಯಾಯಾಮ’ ಅನ್ನುತ್ತಾರೆ. ಮಗು ದೊಡ್ಡದಾದರೆ ಹೆರಿಗೆ ಕಷ್ಟ ಅಂತ ರಾತ್ರಿ ಊಟ ಅರ್ಧ ಮಾಡಿದ್ದಾರೆ.

ಮೊದಲನೆಯವರ ತೂಕ ಇಳಿಸಬೇಕಾ? ಎಷ್ಟು ನಡೆಯಬೇಕು? ಎರಡನೆಯವರಿಗೆ ಬೇರೆ ವ್ಯಾಯಾಮ ಬೇಕಾ? ಮಳೆಗಾಲ ಶುರುವಾಗುತ್ತದೆ, ಹೊರಗೆ ನಡೆಯಲಿಕ್ಕೆ ಆಗುವುದಿಲ್ಲ, ಅದಕ್ಕೂ ದಾರಿ ಹೇಳಿ.

ಹೆರಿಗೆವಾರ್ಡ್_ಸಿಸ್ಟರ್

ಮೊದಲು ತೂಕದ ಲೆಕ್ಕ ನೋಡೋಣ. ಬಸುರಿಯಲ್ಲಿ ತೂಕ ಇಳಿಸುವುದು ಅನ್ನುವ ಮಾತೇ ಇಲ್ಲ, ಎಷ್ಟು ಬೇಗ ಏರುತ್ತಿದೆ ಅನ್ನುವುದನ್ನು ನೋಡಬೇಕು. ಶುರುವಿನ ತೂಕದ ಮೇಲೆ ಏರಿಕೆಯ ಮಿತಿ ಬೇರೆಬೇರೆ ಇರುತ್ತದೆ. ಹೆಚ್ಚಿನ ಕಡೆ ಬಳಸುವುದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಂಕಿ: ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ ಅಂಕಿ) 18.5ಕ್ಕಿಂತ ಕಡಿಮೆ ಇದ್ದರೆ ಒಟ್ಟು 12.5ರಿಂದ 18 ಕೆ.ಜಿ., 18.5ರಿಂದ 24.9 ಇದ್ದರೆ 11.5ರಿಂದ 16, 25ರಿಂದ 29.9 ಇದ್ದರೆ 7ರಿಂದ 11.5, 30 ದಾಟಿದರೆ 5ರಿಂದ 9. ಇದು ಒಂದೇ ಮಗು ಇದ್ದಾಗ. ಅವಳಿ ಮಕ್ಕಳಿದ್ದರೆ ಬೇರೆ ಲೆಕ್ಕ.

ನಿಮ್ಮ ಮೊದಲನೆಯವರ ಬಿಎಂಐ 28.6. ಮೊದಲ ಮೂರು ತಿಂಗಳಿಗೆ ಅರ್ಧದಿಂದ 2 ಕೆ.ಜಿ., ಆಮೇಲೆ ವಾರಕ್ಕೆ ಸುಮಾರು 280 ಗ್ರಾಂ ಅಂತ ಹಿಡಿದರೆ 22 ವಾರಕ್ಕೆ ಹೆಚ್ಚೆಂದರೆ 5 ಕೆ.ಜಿ. ಏರಬೇಕಿತ್ತು. 5.5 ಏರಿದೆ. ಗೆರೆ ದಾಟಿದ್ದಾರೆ, ಆದರೆ ಸ್ವಲ್ಪವೇ. ಇನ್ನು 18 ವಾರ ಬಾಕಿ ಇದೆ, ವೇಗ ತಗ್ಗಿಸಿದರೆ ಮಿತಿಯೊಳಗೇ ಹೆರಿಗೆ ಆಗುತ್ತದೆ. ಹೆದರಿಸಬೇಡಿ.

ಎರಡನೆಯವರ ಬಿಎಂಐ 17.3. ಅವರಿಗೆ 28 ವಾರಕ್ಕೆ ಕಡಿಮೆ ಅಂದರೂ 7 ಕೆ.ಜಿ. ಏರಬೇಕು, ಏರಿದ್ದು 4. ನನಗೆ ಹೆಚ್ಚು ಚಿಂತೆ ಇವರದ್ದೇ. ಇಂಥವರಿಗೆ ಅವಧಿಗೆ ಮುಂಚೆ ಹೆರಿಗೆ ಆಗುವ, ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ಇರುವ ಸಾಧ್ಯತೆ ಹೆಚ್ಚು.

ತೂಕ ನೋಡುವಾಗ ತಪ್ಪಾಗುವುದೂ ಉಂಟು. ಸೆಗಣಿ ಸಾರಿಸಿದ ನೆಲ, ಚಾಪೆ, ಗೋಣಿತಾಟಿನ ಮೇಲೆ ತಕ್ಕಡಿ ಇಟ್ಟರೆ ಕಾಲು ಹೂತು ಅಂಕಿ ತಪ್ಪುತ್ತದೆ. ಗಟ್ಟಿ ಸಿಮೆಂಟು ನೆಲದ ಮೇಲೆ ಇಡಿ. ಮುಳ್ಳಿನ ತಕ್ಕಡಿಯಾದರೆ ಹತ್ತಿಸುವ ಮೊದಲು ಮುಳ್ಳು ಸೊನ್ನೆಗೆ ತನ್ನಿ. ಚಪ್ಪಲಿ ಬಿಡಿಸಿ, ಮೂತ್ರ ಮಾಡಿಸಿ, ಸಾಧ್ಯವಾದರೆ ಬೆಳಿಗ್ಗೆ ತಿಂಡಿಗೆ ಮೊದಲು, ಪ್ರತಿ ಸಲವೂ ಅದೇ ತಕ್ಕಡಿ. ಸಬ್‌ಸೆಂಟರಿನದೊಂದು, ಅಂಗನವಾಡಿಯದೊಂದು ಅಂತ ಬದಲಾಯಿಸಿದರೆ ಒಂದು ಕೆ.ಜಿ. ಆಚೀಚೆ ಆಗಿ ಇಡೀ ಲೆಕ್ಕವೇ ಕೆಡುತ್ತದೆ.

ಒಂದೇ ವಾರದಲ್ಲಿ 1 ಕೆ.ಜಿ.ಗಿಂತ ಹೆಚ್ಚು ಏರಿ, ಮುಖ, ಕೈ ಊದಿಕೊಂಡಿದ್ದರೆ ಅದು ಊಟದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಅವತ್ತೇ ಬಿ.ಪಿ. ಮತ್ತು ಮೂತ್ರದ ಪ್ರೋಟೀನ್ ನೋಡಿಸಿ.

ಫಿಸಿಯೋ_ಕಾರವಾರ

ಆಶಾ ಅಕ್ಕ, ಮೊದಲನೆಯವರ ನಡಿಗೆ ಬಗ್ಗೆ ಹೇಳುತ್ತೇನೆ. ಗುರಿ ವಾರಕ್ಕೆ 150 ನಿಮಿಷ. ಈಗ ಏನೂ ಮಾಡದವರಿಗೆ ಒಮ್ಮೆಲೇ ಅರ್ಧ ತಾಸು ಹೇಳಬಾರದು. ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ 10 ನಿಮಿಷ, ರಾತ್ರಿ ಊಟದ ನಂತರ 10 ನಿಮಿಷ, ಹೀಗೆ ಶುರು ಮಾಡಲಿ. ವಾರಕ್ಕೊಮ್ಮೆ ಒಂದೊಂದು ನಡಿಗೆಗೂ 2-3 ನಿಮಿಷ ಸೇರಿಸುತ್ತ ಹೋದರೆ ತಿಂಗಳೊಳಗೆ ಗುರಿ ಮುಟ್ಟುತ್ತದೆ. ಊಟದ ಮೇಲೆ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಆಗಲೇ ಎಳೆದುಕೊಳ್ಳುತ್ತವೆ. ಭಾರದ ಮೈಯವರಿಗೆ ಇದರಿಂದ ಆಗುವ ಲಾಭವೇ ದೊಡ್ಡದು. ವೇಗಕ್ಕೆ ಅಳತೆ: ಜೊತೆಯವರ ಹತ್ತಿರ ಮಾತಾಡುತ್ತ ನಡೆಯಲು ಆಗಬೇಕು, ಹಾಡು ಹೇಳಲು ಆಗಬಾರದು.

ಮಳೆಗಾಲಕ್ಕೆ: ಹಾವಸೆ ಹಿಡಿದ ಕೆಂಪುಕಲ್ಲಿನ ಮೆಟ್ಟಿಲು, ಅಂಗಳ ಎರಡೂ ಬೇಡ. ಹೊಟ್ಟೆ ಮುಂದೆ ಬಂದಷ್ಟೂ ಮೈಭಾರ ಮುಂದಕ್ಕೆ ಜಾರುತ್ತದೆ, ಹಾರ್ಮೋನಿನಿಂದ ಕೀಲಿನ ಕಟ್ಟುಗಳು ಸಡಿಲವಾಗಿರುತ್ತವೆ, ಕಾಲಡಿ ಕಾಣುವುದೂ ಇಲ್ಲ. ಜಗಲಿ 6 ಮೀಟರ್ ಉದ್ದ ಇದ್ದರೆ 100 ಸಲ ಆಚೆಯಿಂದೀಚೆ ಹೋದರೆ 600 ಮೀಟರ್, ಅಂದರೆ ಸುಮಾರು 10 ನಿಮಿಷ. ಒಂದೇ ಕಡೆ ತಿರುಗಿದರೆ ಸೊಂಟ ಹಿಡಿಯುತ್ತದೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಲಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ. ಕಡಲ ದಂಡೆ ಹತ್ತಿರ ಇದ್ದವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗಿನ ನಡಿಗೆ ಒಳ್ಳೆಯದು, ಆದರೆ ಕಾಲು ಹೂಳುವ ಒಣ ಮರಳು ಬಿಟ್ಟು ನೀರು ಇಳಿದ ಗಟ್ಟಿ ಮರಳಿನಲ್ಲಿ. ದಂಡೆ ಕಡಲಿನ ಕಡೆಗೆ ಇಳಿಜಾರಾಗಿರುವುದರಿಂದ ಹೋದ ದಾರಿಯಲ್ಲೇ ವಾಪಸು ಬಂದರೆ ಎರಡೂ ಸೊಂಟಕ್ಕೆ ಸಮ ಬೀಳುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ಕಾಯುತ್ತದೆ; ನೀರಿನ ಬಾಟಲಿ ಕೈಯಲ್ಲಿರಲಿ.

ನಡಿಗೆ ಒಂದೇ ಸಾಲದು. ವಾರಕ್ಕೆ ಮೂರು ದಿನ ಇವು:

ಕುರ್ಚಿಯಿಂದ ಏಳುವುದು-ಕೂರುವುದು, 10ರಂತೆ ಎರಡು ಸಲ. ಕೈ ಊರದೆ, ಏಳುವಾಗ ಉಸಿರು ಬಿಡುತ್ತ. ತೊಡೆಗೆ ಬಲ ಬಂದರೆ ಹೆರಿಗೆ ನೋವಿನ ಹೊತ್ತಿನಲ್ಲಿ ನಿಲ್ಲಲು, ಓಡಾಡಲು ತ್ರಾಣ ಇರುತ್ತದೆ. ಗೋಡೆಗೆ ಅಂಗೈ ಊರಿ ಎದೆ ಗೋಡೆಯ ಹತ್ತಿರ ತಂದು ಹಿಂದೆ ತಳ್ಳುವುದು, 10. ಮೊಣಕಾಲು-ಅಂಗೈ ಊರಿ ಬೆನ್ನು ಮೇಲೆತ್ತಿ ಇಳಿಸುವ ಮಾರ್ಜರಾಸನ, ನಿಧಾನಕ್ಕೆ 8-10; ಬೆನ್ನು ಸಮಕ್ಕಿಂತ ಕೆಳಗೆ ಜಗ್ಗಬಾರದು. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತುವುದು, 15; ಮೀನಖಂಡದ ರಕ್ತ ಮೇಲೆ ಹೋಗಿ ಕಾಲಿನ ಬಾವು ಇಳಿಯುತ್ತದೆ. 20 ವಾರ ದಾಟಿದ ಮೇಲೆ ಅಂಗಾತ ಮಲಗಿ ಯಾವ ವ್ಯಾಯಾಮವೂ ಬೇಡ, ಗರ್ಭಕೋಶದ ಭಾರ ಹಿಂದಿರುವ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ, ಮಗುವಿಗೆ ಹೋಗುವ ರಕ್ತ ತಗ್ಗುತ್ತದೆ.

ಕೀಗಲ್ (ಮೂತ್ರ, ಮಲ, ಹೆರಿಗೆ ದಾರಿಯ ಸುತ್ತಲಿನ ಸ್ನಾಯುಗಳ ವ್ಯಾಯಾಮ) ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ತಪ್ಪಾಗಿ ಮಾಡುವವರೇ ಜಾಸ್ತಿ. ಗಾಳಿ ಹೋಗದಂತೆ, ಮೂತ್ರ ಸೋರದಂತೆ ಒಟ್ಟಿಗೆ ಬಿಗಿ ಹಿಡಿದು ಒಳಗೆ, ಮೇಲಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆ, ಕುಂಡೆ, ತೊಡೆ ಬಿಗಿಯಾಗುತ್ತಿದ್ದರೆ ಸ್ನಾಯು ತಪ್ಪಿದೆ ಅಂತ ಅರ್ಥ. ಉಸಿರು ಕಟ್ಟಬಾರದು. 5 ಸೆಕೆಂಡು ಹಿಡಿದು 5 ಸೆಕೆಂಡು ಪೂರ್ತಿ ಸಡಿಲ ಬಿಡಬೇಕು, ನಿಧಾನಕ್ಕೆ 10 ಸೆಕೆಂಡಿಗೆ ಏರಿಸಬೇಕು. ಒಂದು ಸಲಕ್ಕೆ 8, ದಿನಕ್ಕೆ 3 ಸಲ. ಫಲ ಕಾಣಲು ಮೂರು ತಿಂಗಳು ಬೇಕು, ಹಾಗಾಗಿ ಒಂಬತ್ತನೇ ತಿಂಗಳಲ್ಲಿ ಶುರು ಮಾಡಿದರೆ ತಡ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಿಸಬೇಡಿ, ಚೀಲ ಪೂರ್ತಿ ಖಾಲಿಯಾಗದೆ ಸೋಂಕು ಬರಬಹುದು. ಸಡಿಲ ಬಿಡುವುದನ್ನು ಕಲಿಯುವುದೂ ಅಷ್ಟೇ ಮುಖ್ಯ: ಮಗು ಹೊರಬರುವ ಹೊತ್ತಿಗೆ ಆ ಸ್ನಾಯು ಬಿಡಬೇಕು, ಹಿಡಿಯಬಾರದು.

ತೊಡೆಸಂದಿನ ಎದುರಿನ ಎಲುಬು ಚುಚ್ಚಿದಂತೆ ನೋಯುತ್ತಿದ್ದರೆ ಹೆಜ್ಜೆ ಸಣ್ಣದು ಮಾಡಲಿ, ಒಂಟಿಕಾಲಲ್ಲಿ ನಿಂತು ಬಟ್ಟೆ ಹಾಕುವುದು ಬೇಡ, ಹಾಸಿಗೆಯಲ್ಲಿ ಮಗ್ಗುಲಾಗುವಾಗ ಮೊಣಕಾಲು ಎರಡೂ ಜೋಡಿಸಿರಲಿ.

ಹೊಳೆಸಾಲು_ಆಶಾ

ತುಂಬಾ ಉಪಕಾರ. ಆದರೆ ಊಟದ ವಿಷಯ ಬಂದರೆ ಅತ್ತೆಯವರು ನನ್ನ ಮಾತು ಕೇಳುವುದಿಲ್ಲ. ಏನು ಬಿಡಬೇಕು, ಏನು ಸೇರಿಸಬೇಕು ಅಂತ ಹೆಸರು ಹಿಡಿದು ಹೇಳಿದರೆ ಅನುಕೂಲ. ಇನ್ನು ಎರಡನೆಯವರ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ.

ಶಿರಸಿ_ಆಹಾರತಜ್ಞೆ

ಅತ್ತೆಯವರ ಮುಂದೆ ಲೆಕ್ಕ ಇಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಶಿಫಾರಸಿನಂತೆ ಬಸುರಿಗೆ ಬೇಕಾದ ಹೆಚ್ಚುವರಿ ಆಹಾರ ದಿನಕ್ಕೆ 350 ಕ್ಯಾಲರಿ. ಒಂದು ಲೋಟ ಹಾಲು, ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಸಣ್ಣ ಮುಷ್ಟಿ ಶೇಂಗಾ ತಿಂದರೆ ಅಷ್ಟಾಯಿತು. ಎರಡನೇ ಬಟ್ಟಲ ಅನ್ನಕ್ಕೆ ಅಲ್ಲಿ ಜಾಗ ಇಲ್ಲ. ಹೆಚ್ಚು ಬೇಕಾದದ್ದು ಪ್ರೋಟೀನು: ನಾಲ್ಕರಿಂದ ಆರನೇ ತಿಂಗಳಲ್ಲಿ ದಿನಕ್ಕೆ ಹೆಚ್ಚುವರಿ 9.5 ಗ್ರಾಂ, ಏಳನೇ ತಿಂಗಳಿಂದ 22 ಗ್ರಾಂ.

ಮೊದಲನೆಯವರಿಗೆ ತುಪ್ಪ. ಒಂದು ಸಣ್ಣ ಚಮಚಕ್ಕೆ 45 ಕ್ಯಾಲರಿ, ಅನ್ನಕ್ಕೆ ಹಾಕಿಕೊಂಡರೆ ಅಡ್ಡಿಲ್ಲ. ಆದರೆ ಕುಡಿದ ತುಪ್ಪ ಹೊಟ್ಟೆ, ಕರುಳಿನಲ್ಲಿ ಜೀರ್ಣವಾಗುತ್ತದೆ, ಹೆರಿಗೆ ದಾರಿಗೆ ಇಳಿದು ಜಾರಿಕೆ ಮಾಡುವುದಿಲ್ಲ. ನಿಜವಾಗಿ ತೂಕ ಏರಿಸುವುದು ಯಾರ ಗಮನಕ್ಕೂ ಬಾರದ ಚಹಾ: ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಐದು ಸಲವಾದರೆ ಸಕ್ಕರೆಯದ್ದೇ 200 ಕ್ಯಾಲರಿ. ಜೊತೆಗೆ ಖಾರಿ, ಟೋಸ್ಟ್, ದೋಸೆಗೆ ಜೋನಿ ಬೆಲ್ಲ. ಬೆಲ್ಲ ಅಂದರೆ ಸಕ್ಕರೆ ಅಲ್ಲ ಅಂತ ತಿಳಿಯಬೇಡಿ, ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಎರಡೂ ಒಂದೇ. ತಟ್ಟೆಯ ಅರ್ಧ ಭಾಗ ಬಸಳೆ, ಹರಿವೆ, ಸೌತೆ, ಬೆಂಡೆಯಂಥ ಪಲ್ಯ-ಹುಳಿ, ಕಾಲು ಭಾಗ ಮೀನು ಅಥವಾ ಕಾಳು, ಉಳಿದ ಕಾಲು ಭಾಗ ಕುಚಲಕ್ಕಿ ಅನ್ನ. ರಾತ್ರಿ ಊಟ ಬಿಡಿಸಬೇಡಿ, ಉಪವಾಸದಿಂದ ರಕ್ತದಲ್ಲಿ ಕೀಟೋನ್ ಏರುತ್ತದೆ, ಅದು ಮಗುವಿಗೆ ಒಳ್ಳೆಯದಲ್ಲ.

ಎರಡನೆಯವರು ಊಟ ಅರ್ಧ ಮಾಡಿದ್ದು ನೋಡಿ ಬಹಳ ಬೇಸರವಾಯಿತು. ಹಸಿದ ತಾಯಿಯ ಮಗು ಸಣ್ಣದಾಗುತ್ತದೆ ನಿಜ, ಅದರಿಂದ ಹೆರಿಗೆ ಸುಲಭವಾಗುವುದಕ್ಕಿಂತ ಆ ಮಗುವನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ. ಇವರಿಗೆ ಗಂಜಿಯ ಮೇಲೆ ತೆಂಗಿನ ಚಟ್ನಿ, ಬೆಳಿಗ್ಗೆ-ಸಂಜೆ ಹಾಲು, ಹೆಸರುಕಾಳು, ಎಳ್ಳುಂಡೆ, ಮೊಟ್ಟೆ. 100 ಗ್ರಾಂ ಬಂಗಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನು ಇದೆ. ತಾರ್ಲೆ ಅಗ್ಗ, ಗುಣದಲ್ಲಿ ಕಡಿಮೆ ಅಲ್ಲ. ಅವರೇ ಆರಿಸುವ ಬೆಳಚು ಕಬ್ಬಿಣಾಂಶಕ್ಕೆ, ಬಿ12ಗೆ ಬಹಳ ಒಳ್ಳೆಯದು, ಎಲ್ಲವನ್ನೂ ಮಾರದೆ ಮನೆಗೂ ಇಟ್ಟುಕೊಳ್ಳಲಿ. ಆದರೆ ಬಾಯಿ ಬಿಟ್ಟ ಮೇಲೂ ಚೆನ್ನಾಗಿ ಕುದಿಸಬೇಕು, ಕುದಿಸಿದರೂ ಬಾಯಿ ಬಿಡದ್ದನ್ನು ಎಸೆಯಬೇಕು. ಅರೆಬೆಂದ ಚಿಪ್ಪಿನಿಂದ ಕಾಮಾಲೆ, ವಾಂತಿಭೇದಿ ಬರುತ್ತದೆ. ಮೋರಿ (ಶಾರ್ಕ್) ಥರದ ದೊಡ್ಡ ಬೇಟೆ ಮೀನಿನಲ್ಲಿ ಪಾದರಸ ಸೇರಿರುತ್ತದೆ, ಈ ಒಂಬತ್ತು ತಿಂಗಳು ಬೇಡ. ಒಣಮೀನು ಉಪ್ಪಿನದು, ಬಿ.ಪಿ. ಇದ್ದವರು ದೂರ ಇಡಬೇಕು. ಅಂಗನವಾಡಿಯ ಮಾತೃಪೂರ್ಣ ಊಟ ಅವರಿಗೆ ಸಿಗುತ್ತಿದೆಯಾ ವಿಚಾರಿಸಿ, ಮೊಟ್ಟೆ ಮನೆಗೆ ಕಟ್ಟಿಕೊಂಡು ಹೋಗಿ ಮಕ್ಕಳಿಗೆ ಕೊಡುವುದು ಸಾಮಾನ್ಯ. ಅಲ್ಲೇ ಕೂತು ತಿನ್ನಿಸಿ.

ಕಬ್ಬಿಣದ ಮಾತ್ರೆಯನ್ನು ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ಕೊಡಬೇಡಿ, ಎರಡು ತಾಸು ಅಂತರ ಇರಲಿ. ನಿಂಬೆ ಶರಬತ್ತು, ಪೇರಲೆ, ನೆಲ್ಲಿಕಾಯಿ ಜೊತೆಯಾದರೆ ಚೆನ್ನಾಗಿ ಹಿಡಿಯುತ್ತದೆ.

ಪ್ರಸೂತಿ_ವೈದ್ಯೆ

ಎರಡನೆಯವರ ಕೆಲಸದಿಂದ ಶುರು ಮಾಡುತ್ತೇನೆ. ದುಡಿಮೆ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮದಲ್ಲಿ ಅರ್ಧ ತಾಸಿಗೆ ನಿಲ್ಲಿಸುತ್ತೀರಿ, ದಣಿದರೆ ಕೂರುತ್ತೀರಿ, ಎಲ್ಲ ಸ್ನಾಯುಗಳಿಗೂ ಪಾಲು ಬೀಳುತ್ತದೆ. ಹೊಳೆಯಲ್ಲಿ ನೀರು ಏರುವ ತನಕ ಬಗ್ಗಿಯೇ ಇರಬೇಕು, ಕೊನೆಗೆ ಭಾರ ಹೊರಬೇಕು. ತಾಸುಗಟ್ಟಲೆ ನಿಲ್ಲುವ, ಭಾರ ಎತ್ತುವ ಕೆಲಸಕ್ಕೂ ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಮಗುವಿಗೂ ನಂಟಿದೆ. ಇವರಿಗೆ ಹೊಸ ವ್ಯಾಯಾಮ ಬೇಡ, ಕೀಗಲ್ ಮತ್ತು ಸಂಜೆ 15 ನಿಮಿಷ ಆರಾಮದ ನಡಿಗೆ ಸಾಕು. ಬುಟ್ಟಿ ಹೊರುವುದು ಇವತ್ತಿಂದಲೇ ನಿಲ್ಲಲಿ. ಆರಿಸುವ ಕೆಲಸ ಪೂರ್ತಿ ಬಿಡಲು ಸಂಸಾರದ ದುಡ್ಡು ಅಡ್ಡ ಬರುತ್ತದೆ, ಗೊತ್ತು; ಹಾಗಿದ್ದರೆ ದಂಡೆಯಲ್ಲಿ ಕೂತು ವಿಂಗಡಿಸುವ, ಬಿಡಿಸುವ ಕೆಲಸಕ್ಕೆ ಬದಲಾಯಿಸಿಕೊಳ್ಳಲಿ. ಮಧ್ಯಾಹ್ನ ಎರಡು ತಾಸು ಎಡ ಮಗ್ಗುಲಲ್ಲಿ ಮಲಗಲಿ.

ಹಿಮೋಗ್ಲೋಬಿನ್ 9.4 ಅಂದರೆ ಕಬ್ಬಿಣದ ಮಾತ್ರೆ ದಿನಕ್ಕೆ ಎರಡು. ತಿಂಗಳಿಗೆ ಕನಿಷ್ಠ 1 ಗ್ರಾಂ ಏರಬೇಕು, ಏರದಿದ್ದರೆ ತಾಲೂಕು ಆಸ್ಪತ್ರೆಗೆ ಕಳಿಸಿ, ನರದ ಮೂಲಕ ಕಬ್ಬಿಣ ಕೊಡಬೇಕಾಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ತಿಂಗಳ 9ನೇ ತಾರೀಕಿಗೆ ನಡೆಯುವ ಬಸುರಿಯರ ತಪಾಸಣೆಗೆ ಇವರನ್ನು ತಪ್ಪದೆ ಕರೆತನ್ನಿ, ಹೊಟ್ಟೆಯ ಎತ್ತರ ಟೇಪಿನಲ್ಲಿ ಅಳೆಯಿಸಿ. 28 ವಾರಕ್ಕೆ ಸುಮಾರು 28 ಸೆಂ.ಮೀ. ಇರಬೇಕು, ಮೂರು ಸೆಂ.ಮೀ. ಹಿಂದೆ ಬಿದ್ದಿದ್ದರೆ ಬೆಳವಣಿಗೆಯ ಸ್ಕ್ಯಾನ್ ಬೇಕು.

ಸಿಸ್ಟರ್ ಕೊಟ್ಟ ತೂಕದ ಲೆಕ್ಕಕ್ಕೆ ಒಂದು ಸೇರ್ಪಡೆ. ಆ ಕೋಷ್ಟಕದ ಬಿಎಂಐ ಗೆರೆಗಳು ವಿಶ್ವಮಟ್ಟದವು. ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ಭಾರತದ ಅಳತೆ, ಏಕೆಂದರೆ ಅದೇ ಬಿಎಂಐಗೆ ನಮ್ಮಲ್ಲಿ ಹೊಟ್ಟೆಯ ಕೊಬ್ಬು, ಸಕ್ಕರೆಯ ತೊಂದರೆ ಹೆಚ್ಚು. ಹಾಗಾಗಿ ಮೊದಲನೆಯವರಿಗೆ ಮಗುವಿನ ಬೆಳವಣಿಗೆ ಸರಿ ಇದ್ದು ವಾರಕ್ಕೆ 200 ಗ್ರಾಂ ಮಾತ್ರ ಏರಿದರೂ ನನಗೆ ಗಾಬರಿ ಇಲ್ಲ. ಅವರ ಸಕ್ಕರೆ ಪರೀಕ್ಷೆ 24ರಿಂದ 28 ವಾರದೊಳಗೆ ಮತ್ತೊಮ್ಮೆ ಆಗಲೇಬೇಕು: 75 ಗ್ರಾಂ ಗ್ಲೂಕೋಸ್ 300 ಮಿ.ಲೀ. ನೀರಿನಲ್ಲಿ, 5-10 ನಿಮಿಷದೊಳಗೆ ಕುಡಿದು, ಎರಡು ತಾಸಿಗೆ ರಕ್ತ. 140 ಮುಟ್ಟಿದರೆ ಗರ್ಭಿಣಿ ಸಕ್ಕರೆ ಕಾಯಿಲೆ. ಕುಡಿದು ಅರ್ಧ ತಾಸಿನೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಿಸಬೇಕು.

ಹೆರಿಗೆಗೆ ಏನು ಫರಕು ಅಂದರೆ: ತೂಕ ಮಿತಿ ಮೀರಿದಾಗ ಸಕ್ಕರೆ, ಬಿ.ಪಿ. ಎರಡೂ ಹೆಚ್ಚು. ತಾಯಿಯ ಸಕ್ಕರೆ ಮಗುವಿಗೆ ದಾಟಿ ಅದು ಇನ್ಸುಲಿನ್ ಹೆಚ್ಚು ಮಾಡಿಕೊಂಡು ಭುಜ, ಹೊಟ್ಟೆಯ ಸುತ್ತ ದಪ್ಪವಾಗುತ್ತದೆ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಭಯ ಇಂಥ ಮಕ್ಕಳಿಗೇ ಹೆಚ್ಚು. ಭಾರದ ಮೈಯವರಲ್ಲಿ ಗರ್ಭಕಂಠ ತೆರೆಯುವ ಮೊದಲ ಹಂತ ನಿಧಾನ, ನೋವು ಏರಿಸುವ ಔಷಧಿ ಹೆಚ್ಚು ಬೇಕಾಗುತ್ತದೆ, ಸಿಸೇರಿಯನ್ ಆದರೆ ಹೊಲಿಗೆ ಕೀವಾಗುವುದೂ ಉಂಟು. ನಿಯಮಿತ ವ್ಯಾಯಾಮದಿಂದ ಸಕ್ಕರೆ, ಬಿ.ಪಿ. ತೊಂದರೆ ತಗ್ಗುತ್ತದೆ, ಸಿಸೇರಿಯನ್ ಕೂಡ ಸ್ವಲ್ಪ ಕಡಿಮೆ. ತೊಂದರೆ ಇಲ್ಲದ ಬಸುರಿಯಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚುವುದಿಲ್ಲ. ಆದರೆ ‘ವ್ಯಾಯಾಮ ಮಾಡಿದರೆ ನಾರ್ಮಲ್ ಗ್ಯಾರಂಟಿ’ ಅಂತ ಯಾರಿಗೂ ಮಾತು ಕೊಡಬೇಡಿ. ಮಗು ಅಡ್ಡ ಇದ್ದರೆ, ಕಸ (ಮಾಸು) ಕೆಳಗಿದ್ದರೆ ನಡಿಗೆಯಿಂದ ಏನೂ ಆಗದು. ಸಿಸೇರಿಯನ್ ಆದವಳು ಸೋಮಾರಿ ಅನ್ನಿಸಿಕೊಳ್ಳುವಂತೆ ಆಗಬಾರದು.

ಕಸ ಕೆಳಗಿದ್ದು 26 ವಾರ ದಾಟಿದ್ದರೆ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದರೆ, ಬಿ.ಪಿ. ಏರಿ ಮೂತ್ರದಲ್ಲಿ ಪ್ರೋಟೀನ್ ಇದ್ದರೆ, ಹೃದಯದ ಕಾಯಿಲೆ ಇದ್ದರೆ, ರಕ್ತ ತೀರಾ ಕಡಿಮೆ ಇದ್ದರೆ ವೈದ್ಯರನ್ನು ಕೇಳದೆ ವ್ಯಾಯಾಮ ಬೇಡ. ಮಾಡುತ್ತಿರುವಾಗ ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯಾಗುತ್ತಿದ್ದರೆ, ಎದೆನೋವು, ತಲೆಸುತ್ತು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು.

ಹೊಳೆಸಾಲು_ಆಶಾ

ಡಾಕ್ಟರ್ ಮೇಡಂ, ಬುಟ್ಟಿ ವಿಷಯ ಅವರ ಗಂಡನ ಹತ್ತಿರವೇ ಮಾತಾಡುತ್ತೇನೆ. ಕೊನೆಯದಾಗಿ ಎರಡು. ಒಂಬತ್ತನೇ ತಿಂಗಳಲ್ಲಿ ಕುಕ್ಕರಗಾಲಲ್ಲಿ ನೆಲ ಒರೆಸಿದರೆ, ಜೋರಾಗಿ ನಡೆದರೆ ನೋವು ಬೇಗ ಬರುತ್ತದಾ? ಮತ್ತೆ ಮುಂದಿನ ತಿಂಗಳುಗಳಿಗೆ ತೂಕ ಎಷ್ಟಿರಬೇಕು ಅಂತ ಅಂಕಿ ಕೊಟ್ಟರೆ ಕಾರ್ಡಿನ ಹಿಂದೆ ಬರೆದಿಡುತ್ತೇನೆ.

ಫಿಸಿಯೋ_ಕಾರವಾರ

ನಡಿಗೆಯಿಂದ ನೋವು ಹುಟ್ಟಿಸಲು ಆಗುವುದಿಲ್ಲ. ನೋವು ಶುರುವಾದ ಮೇಲೆ ನಿಂತು, ಓಡಾಡುತ್ತ, ಕೂತು ಕಳೆದರೆ ಮೊದಲ ಹಂತ ಸುಮಾರು ಒಂದು ತಾಸು ಕಡಿಮೆಯಾಗುತ್ತದೆ, ಅದಕ್ಕೆ ಆಧಾರ ಇದೆ. ಕುಕ್ಕರಗಾಲು ಒಳ್ಳೆಯ ಭಂಗಿಯೇ, ಕಟಿಯ ಕೆಳಬಾಯಿ ಅಗಲವಾಗುತ್ತದೆ. ಕಿಟಕಿ ಸರಳು ಹಿಡಿದು ಹಿಮ್ಮಡಿ ನೆಲಕ್ಕೆ ಊರಿ 20-30 ಸೆಕೆಂಡು, ದಿನಕ್ಕೆ ಐದಾರು ಸಲ ಸಾಕು. ಮೂಲವ್ಯಾಧಿ, ತೊಡೆಸಂದಿನ ನೋವು, ಕಸ ಕೆಳಗಿರುವವರಿಗೆ ಬೇಡ. ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಸರಿದಾಡುವುದು ಜಾರಿ ಬೀಳಲಿಕ್ಕೆ ದಾರಿ, ಕೋಲಿನ ಒರಸು ಕೊಡಿ.

ಹೆರಿಗೆವಾರ್ಡ್_ಸಿಸ್ಟರ್

ಬರೆದುಕೊಳ್ಳಿ. ಮೊದಲನೆಯವರಿಗೆ ವಾರಕ್ಕೆ 280 ಗ್ರಾಂ ಲೆಕ್ಕದಲ್ಲಿ: 24 ವಾರಕ್ಕೆ 72.1, 28ಕ್ಕೆ 73.2, 32ಕ್ಕೆ 74.3, 36ಕ್ಕೆ 75.4, 40ಕ್ಕೆ 76.5 ಕೆ.ಜಿ. ಅರ್ಧ ಕೆ.ಜಿ. ಹೆಚ್ಚಾದರೆ ಚಹಾದ ಸಕ್ಕರೆ, ಬೇಕರಿ ತಿಂಡಿ ಮತ್ತೆ ವಿಚಾರಿಸಿ, ಒಂದು ಕೆ.ಜಿ. ಮೇಲಾದರೆ ಬಿ.ಪಿ. ನೋಡದೆ ಮನೆಗೆ ಕಳಿಸಬೇಡಿ.

ಎರಡನೆಯವರಿಗೆ ವಾರಕ್ಕೆ ಅರ್ಧ ಕೆ.ಜಿ.: 30 ವಾರಕ್ಕೆ 47, 32ಕ್ಕೆ 48, 34ಕ್ಕೆ 49, 36ಕ್ಕೆ 50, 40ಕ್ಕೆ 52. ಒಟ್ಟು 10 ಕೆ.ಜಿ. ಆಗುತ್ತದೆ, 12.5 ಮುಟ್ಟುವುದಿಲ್ಲ. ಹಿಂದಿನ ಬಾಕಿ ತುಂಬಿಸಲು ತುರುಕಿ ತಿನ್ನಿಸಬೇಡಿ, ಇನ್ನು ಮುಂದಿನ ಏರಿಕೆ ಸರಿಯಾಗಿ ಬಂದರೆ ಸಾಕು. ಇವರನ್ನು ಹದಿನೈದು ದಿನಕ್ಕೊಮ್ಮೆ ತೂಗಿ. ಎರಡು ಸಲ ಸಾಲಾಗಿ ಏರದಿದ್ದರೆ ಮುಂದಿನ 9ನೇ ತಾರೀಕಿನ ತನಕ ಕಾಯದೆ ಕರೆತನ್ನಿ. ಮಗುವಿನ ಒದೆತ ಎಣಿಸುವುದನ್ನೂ ಕಲಿಸಿ: ಊಟದ ನಂತರ ಎಡ ಮಗ್ಗುಲಲ್ಲಿ ಮಲಗಿ ಎರಡು ತಾಸಿನಲ್ಲಿ 10 ಸಲ ಸಿಗಬೇಕು. ಸಿಗದಿದ್ದರೆ ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಹೊರಡಿ.